ವಾರ್ಡಿನಲ್ಲೇ ಅಂಟುವ ಸೋಂಕು: ಸಣ್ಣ, ಮಧ್ಯಮ ಆಸ್ಪತ್ರೆಗಳಿಗೆ ಸಮಗ್ರ ಮಾರ್ಗದರ್ಶಿ

ಹರ್ನಿಯಾ ಆಪರೇಷನ್ನಿಗೆಂದು ಸೇರಿದ ರೋಗಿಗೆ ನಾಲ್ಕನೇ ದಿನ ಚಳಿಜ್ವರ. ಹೊಲಿಗೆ ಒಣಗುತ್ತಿದೆ, ಎದೆಯಲ್ಲಿ ಕಫವಿಲ್ಲ, ಮೂತ್ರ ಪರೀಕ್ಷೆಯಲ್ಲೂ ಏನಿಲ್ಲ. ಮುಂಗೈ ಪ್ಲಾಸ್ಟರ್ ಬಿಚ್ಚಿ ನೋಡಿದರೆ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹೊಕ್ಕ ಜಾಗ ಕೆಂಪಗೆ ಬಾತಿದೆ, ಒತ್ತಿದರೆ ಕೀವು. ಡ್ರಿಪ್ ನಿಲ್ಲಿಸಿ ಎರಡು ದಿನವಾಗಿತ್ತು. ಕ್ಯಾನುಲಾ ಮಾತ್ರ ‘ಇರಲಿ, ಬೇಕಾಗಬಹುದು’ ಎಂದು ಉಳಿದಿತ್ತು.

ದಾಖಲಾಗುವಾಗ ಇರದೆ, ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ಇಂಥ ಸೋಂಕನ್ನು ಆಸ್ಪತ್ರೆಯ ಲೆಕ್ಕಕ್ಕೆ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಒಳರೋಗಿಗಳಾಗಿ ಸೇರುವ ನೂರು ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಕನಿಷ್ಠ ಒಂದು ಇಂಥ ಸೋಂಕು ತಗಲುತ್ತದೆ.

ಇದನ್ನು ತಡೆಯಲು ಫಾಗಿಂಗ್ ಯಂತ್ರ ಕೊಳ್ಳುವ, ದುಬಾರಿ ಆಂಟಿಬಯೋಟಿಕ್ ಬರೆಯುವ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಸೋಂಕು ಬರುವ ದಾರಿಗಳು ಅದಕ್ಕಿಂತ ಸಾಮಾನ್ಯ: ತೊಳೆಯದ ಕೈ, ಒದ್ದೆಯಾಗಿ ಬಿಟ್ಟ ಸಾಮಾನು, ಬೇಕಿಲ್ಲದಿದ್ದರೂ ಮೈಯಲ್ಲಿ ಉಳಿದ ಕೊಳವೆ. 30ರಿಂದ 100 ಹಾಸಿಗೆಯ ಆಸ್ಪತ್ರೆಯ ನರ್ಸಿಂಗ್ ಇನ್‌ಚಾರ್ಜ್, ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್, ಡ್ಯೂಟಿ ಡಾಕ್ಟರ್‌ಗಳನ್ನು ಮನಸ್ಸಿನಲ್ಲಿಟ್ಟು ಈ ಕ್ರಮವನ್ನು ಬರೆದಿದೆ.

ಕೈ

ಕೈ ಶುಚಿ ಮಾಡಬೇಕಾದ ಹೊತ್ತು ಐದು: ರೋಗಿಯನ್ನು ಮುಟ್ಟುವ ಮೊದಲು; ಕ್ಯಾನುಲಾ, ಕ್ಯಾಥೆಟರ್ (ಮೂತ್ರದ ಕೊಳವೆ), ಗಾಯಕ್ಕೆ ಕೈ ಹಾಕುವ ಮೊದಲು; ರಕ್ತ, ಮೂತ್ರ, ಕಫ ತಾಗುವ ಕೆಲಸವಾದ ಮೇಲೆ; ರೋಗಿಯನ್ನು ಮುಟ್ಟಿದ ಮೇಲೆ; ಮಂಚ, ಲಾಕರ್, ಮಾನಿಟರ್ ಮುಟ್ಟಿದ ಮೇಲೆ. ‘ಆದ ಮೇಲೆ’ ತೊಳೆಯುವುದು ಯಾರಿಗೂ ಕಷ್ಟವಲ್ಲ, ಅದು ನಮ್ಮ ಮೈ ಕಾಯುತ್ತದೆ. ತಪ್ಪುವುದು ಈ ಐದರಲ್ಲಿ ಎರಡನೆಯದು. ಕೈ ಶುಚಿ ಮಾಡಿಕೊಂಡು ಬಂದವರು ಪರದೆ ಸರಿಸುತ್ತಾರೆ, ಹೊದಿಕೆ ಎತ್ತುತ್ತಾರೆ, ಪೆನ್ ತೆಗೆದು ಚಾರ್ಟ್ ನೋಡುತ್ತಾರೆ, ಅದೇ ಕೈಯಲ್ಲಿ ಕ್ಯಾನುಲಾದ ಮುಚ್ಚಳ ತಿರುಗಿಸುತ್ತಾರೆ. ಗ್ಲೌಸ್ ಹಾಕಿದ್ದರೂ ಇದೇ ಕಥೆ. ಪರದೆ ಮುಟ್ಟಿದ ಗ್ಲೌಸ್ ಪರದೆಯಷ್ಟೇ ಕೊಳಕು.

ಆಲ್ಕೋಹಾಲ್ ರಬ್ಬನ್ನು (ಕೈಗೆ ಉಜ್ಜುವ ದ್ರಾವಣ) ಅಂಗೈ ಗುಳಿ ತುಂಬ ಹಾಕಿಕೊಂಡು 20ರಿಂದ 30 ಸೆಕೆಂಡು ಉಜ್ಜಬೇಕು, ಅಷ್ಟೂ ಹೊತ್ತು ಕೈ ಒದ್ದೆಯಾಗಿರಬೇಕು. ಹತ್ತು ಸೆಕೆಂಡಿಗೇ ಒಣಗಿದರೆ ಹಾಕಿಕೊಂಡದ್ದು ಸಾಲಲಿಲ್ಲ ಎಂದರ್ಥ. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು ಬಿಟ್ಟುಹೋಗುವುದೇ ಹೆಚ್ಚು. ಕೈಗೆ ಕಣ್ಣಿಗೆ ಕಾಣುವ ಕೊಳೆ ಮೆತ್ತಿದ್ದರೆ, ರೋಗಿಗೆ ಭೇದಿಯಿದ್ದರೆ ಸೋಪು, ಹರಿಯುವ ನೀರು, 40ರಿಂದ 60 ಸೆಕೆಂಡು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್‌ನಂಥ ಭೇದಿಯ ಬ್ಯಾಕ್ಟೀರಿಯಾಗಳ ಬೀಜಕಣಗಳು ಆಲ್ಕೋಹಾಲಿಗೆ ಸಾಯುವುದಿಲ್ಲ, ತೊಳೆದು ಹರಿಸಿಬಿಡುವುದೊಂದೇ ದಾರಿ.

ವಾಚು, ಉಂಗುರ, ಬಳೆಯ ಕೆಳಗೆ ರಬ್ ಇಳಿಯುವುದಿಲ್ಲ. ಬಳೆಯ ಮಾತು ಸೂಕ್ಷ್ಮ. ಮುಂಗೈ ಬರಿದಾಗಿರಬೇಕೆಂಬ ನಿಯಮ ದೊಡ್ಡ ಡಾಕ್ಟರ ವಾಚಿನಿಂದ ಶುರುವಾದರೆ ಸಿಸ್ಟರ್‌ಗಳ ಬಳೆಯವರೆಗೂ ಜಗಳವಿಲ್ಲದೆ ತಲುಪುತ್ತದೆ.

ರಬ್ ಬಾಟಲಿ ಪ್ರತಿ ಮಂಚದ ಕಾಲಬಳಿ ತೂಗುತ್ತಿರಬೇಕು. ಕಳುವಾಗುತ್ತದೆಂದು ಬೀರುವಿನಲ್ಲಿ ಬೀಗ ಹಾಕಿಟ್ಟ ಬಾಟಲಿ ಖಾಲಿಯಾಗುವುದೇ ಇಲ್ಲ. ಖರ್ಚು ಚಿಂತೆಯಾದರೆ ಫಾರ್ಮಸಿಸ್ಟರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಆಸ್ಪತ್ರೆಯಲ್ಲೇ ಮಾಡಿಸಬಹುದು. 10 ಲೀಟರಿಗೆ ಅಳತೆ ಇದು:

- ಶೇ. 96ರ ಇಥನಾಲ್ 8,333 ಮಿಲಿ
- ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ
- ಶೇ. 98ರ ಗ್ಲಿಸರಾಲ್ 145 ಮಿಲಿ
- ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು, 10 ಲೀಟರ್ ಗೆರೆ ಮುಟ್ಟುವವರೆಗೆ

ಇಥನಾಲ್ ಸಿಗದಿದ್ದರೆ ಶೇ. 99.8ರ ಐಸೊಪ್ರೊಪೈಲ್ ಆಲ್ಕೋಹಾಲ್ 7,515 ಮಿಲಿ, ಉಳಿದದ್ದು ಅದೇ. ಗ್ಲಿಸರಾಲ್ ಅಳತೆ ಪಾತ್ರೆಗೆ ಅಂಟುತ್ತದೆ. ಪಾತ್ರೆಯನ್ನು ಅದೇ ನೀರಿನಲ್ಲಿ ಗಲಬರಿಸಿ ಕ್ಯಾನಿಗೆ ಸುರಿಯಿರಿ. ಬಾಟಲಿಗೆ ತುಂಬಿದ ಮೇಲೆ 72 ಗಂಟೆ ಮುಟ್ಟಬೇಡಿ. ಬಾಟಲಿಯಲ್ಲೋ ಆಲ್ಕೋಹಾಲಿನಲ್ಲೋ ಇರಬಹುದಾದ ಬೀಜಕಣಗಳನ್ನು ಪೆರಾಕ್ಸೈಡ್ ಕೊಲ್ಲಲು ಅಷ್ಟು ಸಮಯ ಬೇಕು. ನೀರು ಬೆರೆಸದ ಸ್ಪಿರಿಟ್ ಹೆಚ್ಚು ‘ಸ್ಟ್ರಾಂಗ್’ ಎಂಬುದು ತಪ್ಪು ತಿಳಿವಳಿಕೆ. ನೀರಿಲ್ಲದೆ ಅದು ಬ್ಯಾಕ್ಟೀರಿಯಾದ ಪ್ರೋಟೀನನ್ನು ಸರಿಯಾಗಿ ಕೆಡಿಸುವುದಿಲ್ಲ, ಬೇಗ ಆರಿಯೂ ಹೋಗುತ್ತದೆ. ತಯಾರಿಸುವ ಕೋಣೆಯಲ್ಲಿ ಗಾಳಿಯಾಡಬೇಕು, ಬೆಂಕಿ ಹತ್ತಿರವಿರಬಾರದು.

ಡ್ರೆಸಿಂಗ್ ಟ್ರಾಲಿಯಲ್ಲಿ ಒದ್ದೆಯಾಗಿರುವುದೇನು?

ಈಗಲೇ ವಾರ್ಡಿನ ಟ್ರಾಲಿಯ ಮುಂದೆ ನಿಂತು ನೋಡಿ. ಸ್ಟೀಲ್ ಡಬ್ಬಿಯಲ್ಲಿ ಸ್ಪಿರಿಟ್ ಹಾಕಿ ನೆನೆಸಿಟ್ಟ ಹತ್ತಿ ಉಂಡೆಗಳು. ಮುಚ್ಚಳ ತೆಗೆದಂತೆಲ್ಲ ಆಲ್ಕೋಹಾಲ್ ಹಾರಿ ನೀರು ಉಳಿಯುತ್ತದೆ, ದಿನಕ್ಕೆ ಐವತ್ತು ಸಲ ಬೆರಳುಗಳು ಅದರೊಳಗೆ ಇಳಿಯುತ್ತವೆ. ಒಣ ಹತ್ತಿ ತೆಗೆದುಕೊಂಡು, ಬಳಸುವ ಹೊತ್ತಿಗೆ ಬಾಟಲಿಯಿಂದ ಸ್ಪಿರಿಟ್ ಸುರಿದುಕೊಳ್ಳಿ.

ಪಕ್ಕದಲ್ಲಿ ಫ್ಲಶ್ ಮಾಡಲು 500 ಮಿಲಿ ಸಲೈನ್ ಬಾಟಲಿ, ರಬ್ಬರ್ ಬಾಯಿಗೆ ಚುಚ್ಚಿಟ್ಟ ಸೂಜಿ. ಬೆಳಗಿನಿಂದ ಇಡೀ ವಾರ್ಡಿಗೆ ಅದೇ ಬಾಟಲಿ. ಒಬ್ಬ ರೋಗಿಯ ರಕ್ತ ತಾಗಿದ ಸಿರಿಂಜ್ ಒಮ್ಮೆ ಅದರೊಳಗೆ ಹೋದರೆ ಮುಂದಿನ ಹತ್ತು ಜನರಿಗೂ ಅದರ ಪಾಲು ಸಿಗುತ್ತದೆ. ಹೆಪಟೈಟಿಸ್ ಬಿ, ಸಿ ಎರಡೂ ಈ ದಾರಿಯಲ್ಲಿ ಹರಡುತ್ತವೆ. ಈ ಒಂದು ಬಾಟಲಿಯನ್ನು ಇಂದೇ ಎಸೆಯುವುದು ಈ ಬರಹದ ಅತಿ ಅಗ್ಗದ ಸಲಹೆ. ಬದಲಿಗೆ 10 ಮಿಲಿ ಆಂಪ್ಯೂಲ್ ತರಿಸಿ, ಒಬ್ಬರಿಗೆ ಒಂದು. ಗಾಳಿಯಾಡಲೆಂದು ಐವಿ ಬಾಟಲಿಯ ತಳಕ್ಕೆ ಸೂಜಿ ಚುಚ್ಚುವುದೂ ಬೇಡ. ವಾರ್ಡಿನ ಗಾಳಿ ನೇರ ಡ್ರಿಪ್ಪಿಗೆ ಹೋಗುತ್ತದೆ. ತಾನೇ ಕುಗ್ಗುವ ಪ್ಲಾಸ್ಟಿಕ್ ಬ್ಯಾಗಿಗೆ ಆ ತೂತೇ ಬೇಕಿಲ್ಲ.

ಆಕ್ಸಿಜನ್ ಹ್ಯುಮಿಡಿಫೈಯರ್ ಬಾಟಲಿಗೆ ನಲ್ಲಿ ನೀರು ಹಾಕಬೇಡಿ. ಸ್ಟೆರೈಲ್ ನೀರು ಹಾಕಿ, 24 ಗಂಟೆಗೊಮ್ಮೆ ಚೆಲ್ಲಿ, ತೊಳೆದು ಒಣಗಿಸಿ ಮತ್ತೆ ತುಂಬಿ. ಮಟ್ಟ ಇಳಿಯಿತೆಂದು ಮೇಲಿಂದ ಸುರಿದರೆ ತಳದ ನೀರು ವಾರಗಟ್ಟಲೆ ಅಲ್ಲೇ ಉಳಿಯುತ್ತದೆ, ಸೂಡೊಮೊನಾಸ್ ಬ್ಯಾಕ್ಟೀರಿಯಾ ಅದರಲ್ಲಿ ಸುಖವಾಗಿ ಬೆಳೆಯುತ್ತದೆ. ದ್ರವ ಸೋಪಿನ ಬಾಟಲಿಗೂ ಇದೇ ಮಾತು: ಪೂರ್ತಿ ಖಾಲಿ ಮಾಡಿ, ತೊಳೆದು ಒಣಗಿಸದೆ ತುಂಬಬೇಡಿ. ನೆಬ್ಯುಲೈಸರ್ ಕಪ್ ರೋಗಿಗೊಂದು. ಬೇಸಿನ್ ಪಕ್ಕದ ಮೊಳೆಗೆ ತೂಗುವ ಸಾರ್ವಜನಿಕ ಟವೆಲನ್ನು ಇಳಿಸಿಬಿಡಿ.

ಕ್ಯಾನುಲಾ

1. ಕೈಗೆ ರಬ್, ಆಮೇಲೆ ಗ್ಲೌಸ್.
2. ಶೇ. 70 ಆಲ್ಕೋಹಾಲಿನಲ್ಲಿರುವ ಶೇ. 2ರ ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡು ಉಜ್ಜಿ, ತಾನಾಗಿ ಒಣಗಲು ಬಿಡಿ. ಊದುವುದು, ಹತ್ತಿಯಿಂದ ಒರೆಸುವುದು ಬೇಡ.
3. ಒಣಗಿದ ಮೇಲೆ ನರ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಿದರೆ ಎರಡನೇ ಹಂತದಿಂದ ಮತ್ತೆ ಶುರು.
4. ಹೊಕ್ಕ ಜಾಗ ಕಾಣುವಂಥ ಪಾರದರ್ಶಕ ಡ್ರೆಸಿಂಗ್ ಹಾಕಿ, ಅದರ ಮೇಲೆ ದಿನಾಂಕ, ಸಮಯ ಬರೆಯಿರಿ.
5. ಪ್ರತಿ ಸಲ ಔಷಧಿ ಕೊಡುವ ಮೊದಲು ಕ್ಯಾನುಲಾದ ಹಬ್ಬನ್ನು (ಸಿರಿಂಜ್ ಜೋಡಿಸುವ ಬಾಯಿ) ಆಲ್ಕೋಹಾಲ್ ಸ್ವಾಬಿನಿಂದ 15 ಸೆಕೆಂಡು ತಿಕ್ಕಿ ಒಣಗಲು ಬಿಡಿ.

ಪ್ರತಿ ಶಿಫ್ಟಿನಲ್ಲಿ ಒಮ್ಮೆ ನೋಡಿ, ಮುಟ್ಟಿ, ನೋವಿದೆಯೇ ಎಂದು ಕೇಳಿ. ಕೆಂಪು, ಬಾವು, ನೋವು ಕಂಡರೆ ತೆಗೆಯಿರಿ. ಕ್ಯಾಶುವಾಲ್ಟಿಯ ಗಡಿಬಿಡಿಯಲ್ಲಿ ಶುಚಿತ್ವ ನೋಡದೆ ಹಾಕಿದ್ದರೆ 48 ಗಂಟೆಯೊಳಗೆ ಬೇರೆ ಜಾಗಕ್ಕೆ ಬದಲಿಸಿ. ಒಂದು ದಿನವಿಡೀ ಔಷಧಿ ಹೋಗದ ಕ್ಯಾನುಲಾ ಕೈಯಲ್ಲಿರಲು ಕಾರಣವೇ ಇಲ್ಲ.

ಮೂತ್ರದ ಕ್ಯಾಥೆಟರ್

ಕ್ಯಾಥೆಟರ್ ಒಳಗಿದ್ದಷ್ಟು ದಿನ, ದಿನಕ್ಕೆ ಶೇ. 3ರಿಂದ 7ರಷ್ಟು ರೋಗಿಗಳ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ಹಾಗಾಗಿ ಇಲ್ಲಿ ದೊಡ್ಡ ಔಷಧಿ ಎಂದರೆ ಅದನ್ನು ತೆಗೆಯುವುದೇ. ‘ಹಾಸಿಗೆ ಒದ್ದೆ ಮಾಡುತ್ತಾರೆ’ ಎಂಬುದು ಕ್ಯಾಥೆಟರ್ ಹಾಕಲು ಕಾರಣವಲ್ಲ. ಡೈಪರ್ ಇದೆ, ಗಂಡಸರಿಗೆ ಕಾಂಡೋಮ್ ಕ್ಯಾಥೆಟರ್ ಇದೆ. ಬೆಳಗಿನ ರೌಂಡ್ಸಿನಲ್ಲಿ ‘ಇವರಿಗೆ ಇವತ್ತು ಕ್ಯಾಥೆಟರ್ ಯಾಕೆ?’ ಎಂದು ಸಿಸ್ಟರ್ ಕೇಳಲೇಬೇಕು. ಉತ್ತರ ಹೊಳೆಯದಿದ್ದರೆ ಅಲ್ಲೇ ತೆಗೆಯುವ ಅಧಿಕಾರವನ್ನೂ ಅವರಿಗೆ ಬರೆದುಕೊಡಿ.

ಇರಲೇಬೇಕಾದರೆ ಕ್ಯಾಥೆಟರ್ ಮತ್ತು ಬ್ಯಾಗಿನ ಜೋಡಣೆ ಬಿಚ್ಚಬೇಡಿ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲ ಮುಟ್ಟದಂತೆ. ಎಕ್ಸ್‌ರೇಗೆ ಸ್ಟ್ರೆಚರ್ ಮೇಲೆ ಒಯ್ಯುವಾಗ ವಾರ್ಡ್ ಬಾಯ್ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲಿಡುತ್ತಾನಲ್ಲ, ಆ ಎರಡು ನಿಮಿಷದಲ್ಲಿ ಹಳೆಯ ಮೂತ್ರ ಹಿಂದಕ್ಕೆ ಹರಿದಿರುತ್ತದೆ. ಹೊರಡುವ ಮೊದಲು ಬ್ಯಾಗ್ ಖಾಲಿ ಮಾಡಿಸಿ. ಖಾಲಿ ಮಾಡುವ ಜಗ್ ರೋಗಿಗೊಂದು. ಒಂದೇ ಬಕೆಟ್ ಹಿಡಿದು ಸಾಲಾಗಿ ಎಂಟು ಬ್ಯಾಗ್ ಸುರಿಸಿದರೆ ಒಬ್ಬರ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಎಂಟು ಜನರ ಬ್ಯಾಗಿನ ಬಾಯಿಗೆ ತಾಗುತ್ತದೆ. ಕಲ್ಚರಿಗೆ ಸ್ಯಾಂಪಲ್ ತೆಗೆಯುವುದು ಕೊಳವೆಯಲ್ಲಿ ಅದಕ್ಕೆಂದೇ ಇರುವ ಪೋರ್ಟಿನಿಂದ, ಬ್ಯಾಗಿನಿಂದಲ್ಲ.

ಐಸಿಯು

ಸೆಂಟ್ರಲ್ ಲೈನಿಗೆ (ದೊಡ್ಡ ರಕ್ತನಾಳಕ್ಕೆ ಹಾಕುವ ಉದ್ದ ಕ್ಯಾಥೆಟರ್) ಐದು ನಿಯಮ: ಕೈ ಶುಚಿ; ಟೋಪಿ, ಮಾಸ್ಕ್, ಸ್ಟೆರೈಲ್ ಗೌನ್, ಗ್ಲೌಸ್ ಜೊತೆಗೆ ರೋಗಿಯ ಮೈ ಪೂರ್ತಿ ಮುಚ್ಚುವ ಡ್ರೇಪ್; ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್; ಸಾಧ್ಯವಾದರೆ ತೊಡೆಸಂದಿನ ರಕ್ತನಾಳ ಬೇಡ; ಬೇಡವಾದ ದಿನವೇ ತೆಗೆಯುವುದು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಈ ಐದನ್ನೇ ಪಟ್ಟಿ ಹಿಡಿದು ಪಾಲಿಸಿದ್ದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು: ಈ ಲೈನಿನಿಂದ ರಕ್ತಕ್ಕೆ ಬರುವ ಸೋಂಕು ಸಾವಿರ ಕ್ಯಾಥೆಟರ್ ದಿನಗಳಿಗೆ 2.7 ಇದ್ದ ಮಧ್ಯಂಕ (ಮೀಡಿಯನ್) ದರದಿಂದ ಮೂರೇ ತಿಂಗಳಲ್ಲಿ ಸೊನ್ನೆಗೆ ಇಳಿದಿತ್ತು. ಅಲ್ಲಿ ಹೊಸ ಔಷಧಿಯಿರಲಿಲ್ಲ. ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ‘ನಿಲ್ಲಿಸಿ’ ಎನ್ನುವ ಅಧಿಕಾರ ನರ್ಸಿಗಿತ್ತು. ನಮ್ಮಲ್ಲಿ ನಕಲು ಮಾಡಲು ಕಷ್ಟವಾಗುವ ಭಾಗ ಅದೊಂದೇ.

ವೆಂಟಿಲೇಟರಿನಲ್ಲಿರುವವರ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ಉಸಿರಿನ ಟ್ಯೂಬಿನ ಕಫ್ (ಸುತ್ತಲಿನ ಗಾಳಿಬುಗ್ಗೆ) ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು. ದಿನವೂ ನಿದ್ರೆಯ ಔಷಧಿ ತಗ್ಗಿಸಿ ತಾವೇ ಉಸಿರಾಡಬಲ್ಲರೇ ನೋಡಿ. ವೆಂಟಿಲೇಟರಿನ ಕೊಳವೆಗಳ ಸರ್ಕ್ಯೂಟ್ ಕೊಳೆಯಾಗದೆ ಬದಲಿಸುವುದು ಬೇಡ. ಅದರಲ್ಲಿ ನಿಂತ ನೀರನ್ನು ರೋಗಿಯ ಕಡೆಗೆ ವಾಲಿಸದೆ ಹೊರಗೆ ತೆಗೆಯಿರಿ.

ಆಪರೇಷನ್ನಿನ ಗಾಯ

ಹಿಂದಿನ ರಾತ್ರಿ ಬ್ಲೇಡಿನಿಂದ ಕೂದಲು ಬೋಳಿಸುವ ಪದ್ಧತಿ ಇನ್ನೂ ಬದುಕಿದೆ. ಬ್ಲೇಡು ಕಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ, ಬೆಳಗಿನೊಳಗೆ ಅವುಗಳಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿರುತ್ತದೆ. ಕೂದಲು ಅಡ್ಡಿಯಾಗದಿದ್ದರೆ ಬಿಟ್ಟುಬಿಡಿ. ಅಡ್ಡಿಯಾದರೆ ಆಪರೇಷನ್ನಿಗೆ ಸ್ವಲ್ಪ ಮುಂಚೆ ಕ್ಲಿಪ್ಪರಿನಿಂದ ಕತ್ತರಿಸಿ. ರೋಗಿ ಸೋಪು ಹಚ್ಚಿ ಸ್ನಾನ ಮಾಡಿ ಬರಲಿ.

ಆಂಟಿಬಯೋಟಿಕ್‌ನಲ್ಲಿ ಗಡಿಯಾರ ಮುಖ್ಯ. ಸೆಫಜೋಲಿನ್ ಆದರೆ ದೊಡ್ಡವರಿಗೆ 2 ಗ್ರಾಂ, ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ. ಬೆಳಗ್ಗೆ ಏಳಕ್ಕೆ ವಾರ್ಡಿನಲ್ಲಿ ಕೊಟ್ಟು, ಹನ್ನೊಂದಕ್ಕೆ ಟೇಬಲ್ ಹತ್ತಿಸಿದರೆ ಕೊಯ್ಯುವ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಇಳಿದಿರುತ್ತದೆ. ವಾರ್ಡಿನಲ್ಲಿ ಕೊಡಬೇಡಿ, ಓಟಿಯೊಳಗೆ ಅರಿವಳಿಕೆ ತಜ್ಞರೇ ಕೊಡಲಿ. ಆಪರೇಷನ್ ನಾಲ್ಕು ಗಂಟೆ ದಾಟಿದರೆ ಮತ್ತೊಂದು ಡೋಸ್. ಸಿಸೇರಿಯನ್ನಿನಲ್ಲಿ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೊಡುತ್ತಿದ್ದ ಹಳೆಯ ಕ್ರಮ ಬಿಡಿ, ಅಲ್ಲೂ ಕೊಯ್ಯುವ ಮೊದಲೇ. ಹೊಲಿಗೆ ಮುಗಿದ ಮೇಲೆ ‘ಐದು ದಿನದ ಕೋರ್ಸ್’ ಮುಂದುವರಿಸಿದರೆ ಗಾಯಕ್ಕೆ ಲಾಭವಿಲ್ಲ, ಔಷಧಿಗೆ ಬಗ್ಗದ ತಳಿ ಬೆಳೆಯುವುದಷ್ಟೇ.

ಆಲ್ಕೋಹಾಲಿರುವ ದ್ರಾವಣ ಹಚ್ಚಿದರೆ ಕನಿಷ್ಠ 3 ನಿಮಿಷ ಒಣಗಲು ಬಿಡಿ, ಬೆನ್ನಡಿ ಕೊಳದಂತೆ ನಿಂತಿಲ್ಲವೆಂದು ನೋಡಿ. ಒದ್ದೆಯ ಮೇಲೆ ಕಾಟರಿ (ವಿದ್ಯುತ್ತಿನಿಂದ ಸುಡುವ ಉಪಕರಣ) ಹಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ.

ಇನ್ನು ಫಾರ್ಮಲಿನ್ ಹೊಗೆ. ಶನಿವಾರ ಸಂಜೆ ಓಟಿಗೆ ಹೊಗೆ ಹಾಕಿ ಬಾಗಿಲಿಗೆ ಟೇಪು ಬಳಿಯುವುದನ್ನು ವ್ರತದಂತೆ ನಡೆಸುವವರಿದ್ದಾರೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರಿಗೆ ಕಾರಣವಾಗುವ ರಾಸಾಯನಿಕ, ಮೇಲಾಗಿ ಧೂಳು, ರಕ್ತದ ಕಲೆ ಇರುವ ಮೇಲ್ಮೈಯನ್ನು ಹೊಗೆ ಶುಚಿ ಮಾಡುವುದಿಲ್ಲ. ಅದೇ ಒಂದು ಗಂಟೆಯನ್ನು ಟೇಬಲ್ಲಿನ ಕೀಲು, ಲೈಟಿನ ಹಿಡಿ, ಅರಿವಳಿಕೆ ಯಂತ್ರದ ಗುಂಡಿಗಳನ್ನು ಒರೆಸಲು ಕೊಡಿ.

ಉಪಕರಣ: ತೊಳೆಯದೆ ಬೇಯಿಸಿದರೆ ವ್ಯರ್ಥ

ರಕ್ತ ಒಣಗಿ ಅಂಟಿದ ಫೋರ್ಸೆಪ್ಸಿನ ಕೀಲಿನೊಳಗೆ ಹಬೆ ತಲುಪುವುದಿಲ್ಲ. ಬಳಸಿದ ತಕ್ಷಣ ನೀರಿನಲ್ಲಿ ನೆನೆಸಿ, ಕೀಲು ತೆರೆದು, ಡಿಟರ್ಜೆಂಟ್ ಹಾಕಿ, ನೀರಿನ ಮಟ್ಟದ ಕೆಳಗೇ ಬ್ರಷ್ಷಿನಿಂದ ತಿಕ್ಕಿ ಒಣಗಿಸಿ. ಸಾಧಾರಣ ಆಟೋಕ್ಲೇವಿನಲ್ಲಿ ಬಟ್ಟೆ ಸುತ್ತಿದ ಪ್ಯಾಕಿಗೆ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, 30 ನಿಮಿಷ. ಎಣಿಕೆ ಶುರುವಾಗುವುದು 121 ಮುಟ್ಟಿದ ಮೇಲೆ, ಸ್ವಿಚ್ ಒತ್ತಿದಾಗಿನಿಂದಲ್ಲ. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡದ ಮುಳ್ಳು ಸರಿ ತೋರಿಸಿದರೂ ಶಾಖ ಕಡಿಮೆಯಿರುತ್ತದೆ. ಡ್ರಮ್ಮಿನ ಕಿಂಡಿ ತೆರೆದಿರಲಿ, ಪ್ಯಾಕ್ ತುರುಕಬೇಡಿ. ಹೊರತೆಗೆದಾಗ ಒದ್ದೆಯಿರುವ ಪ್ಯಾಕ್ ಸ್ಟೆರೈಲ್ ಅಲ್ಲ. ಪ್ಯಾಕಿಗೆ ಅಂಟಿಸಿದ ಸೂಚಕ ಟೇಪಿನ ಗೆರೆ ಕಪ್ಪಾದದ್ದು ಬಿಸಿ ತಾಗಿದ್ದಕ್ಕೆ ಸಾಕ್ಷಿಯಷ್ಟೇ; ಕ್ರಿಮಿ ಸತ್ತಿದೆಯೇ ತಿಳಿಯಲು ವಾರಕ್ಕೊಮ್ಮೆ ಜಿಯೋಬ್ಯಾಸಿಲಸ್ ಬೀಜಕಣದ ಪರೀಕ್ಷೆ ಇಡಿ.

ಲ್ಯಾಪರೊಸ್ಕೋಪಿ ಮಾಡುವ ಸಣ್ಣ ಆಸ್ಪತ್ರೆಗಳು ಇಲ್ಲಿ ನಿಧಾನವಾಗಿ ಓದಬೇಕು. ಪಿತ್ತಕೋಶ ತೆಗೆಸಿಕೊಂಡು ಆರಾಮಾಗಿ ಮನೆಗೆ ಹೋದವರು ಮೂರರಿಂದ ಆರು ವಾರದ ಮೇಲೆ ಹೊಕ್ಕುಳ ಬಳಿಯ ತೂತಿನಲ್ಲಿ ಗಂಟು, ತಿಳಿ ಕೀವು ಎಂದು ವಾಪಸ್ ಬರುತ್ತಾರೆ. ಮಾಮೂಲಿ ಆಂಟಿಬಯೋಟಿಕ್ ನಾಟುವುದಿಲ್ಲ, ಮಾಮೂಲಿ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಇದಕ್ಕೆ ಕಾರಣ ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟರಾದ ಮೈಕೊಬ್ಯಾಕ್ಟೀರಿಯಂ ಫಾರ್ಚುಯಿಟಂ, ಕೆಲೋನೆ. ಇವುಗಳ ಮನೆ ನಲ್ಲಿ ನೀರು. ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ.

ತಪ್ಪು ನಡೆಯುವ ಕ್ರಮ ಹೀಗೆ: ಒಂದೇ ಸೆಟ್, ದಿನಕ್ಕೆ ನಾಲ್ಕು ಕೇಸ್. ಉಪಕರಣ ಬಿಚ್ಚದೆ ತೊಳೆದು, ಶೇ. 2ರ ಗ್ಲುಟರಾಲ್ಡಿಹೈಡಿನಲ್ಲಿ 20 ನಿಮಿಷ ಅದ್ದಿ, ನಲ್ಲಿ ನೀರು ಅಥವಾ ‘ಕಾಯಿಸಿದ ನೀರಿ’ನಲ್ಲಿ ಜಾಲಿಸಿ ಒಳಗೆ ಕಳಿಸುತ್ತಾರೆ. 20 ನಿಮಿಷದಲ್ಲಿ ಬೀಜಕಣ ಸಾಯುವುದಿಲ್ಲ, ಅದಕ್ಕೆ 10 ಗಂಟೆ ಬೇಕು. ದ್ರಾವಣ ಬೆರೆಸಿದ ದಿನದಿಂದ ಹೆಚ್ಚೆಂದರೆ 14 ದಿನ. ಒದ್ದೆ ಉಪಕರಣ ಇಳಿಸಿದಂತೆಲ್ಲ ತೆಳುವಾಗುವುದರಿಂದ ಅದಕ್ಕೂ ಮೊದಲೇ ಸೋಲುತ್ತದೆ. ಕೊನೆಗೆ ಜಾಲಿಸುವ ನೀರೇ ಮೈಕೊಬ್ಯಾಕ್ಟೀರಿಯಾವನ್ನು ತಂದು ಅಂಟಿಸುತ್ತದೆ.

ಸರಿಪಡಿಸಲು: ಟ್ರೋಕಾರಿನ (ಹೊಟ್ಟೆಯೊಳಗೆ ಉಪಕರಣ ಇಳಿಸುವ ಕೊಳವೆ) ವಾಷರ್, ವಾಲ್ವ್ ಸೇರಿದಂತೆ ಎಲ್ಲ ಭಾಗ ಬಿಚ್ಚಿ, ಕೊಳವೆಯೊಳಗೆ ಬ್ರಷ್ ಆಡಿಸಿ. ಲೋಹದ್ದನ್ನೆಲ್ಲ ಆಟೋಕ್ಲೇವ್ ಮಾಡಿ. ಶಾಖ ತಾಳದ್ದನ್ನು ಇಥಿಲೀನ್ ಆಕ್ಸೈಡ್ ಅಥವಾ ಪ್ಲಾಸ್ಮಾ ಸ್ಟೆರಿಲೈಸೇಷನ್ನಿಗೆ ಕಳಿಸಿ. ಗ್ಲುಟರಾಲ್ಡಿಹೈಡ್ ಬಿಟ್ಟು ಗತಿಯಿಲ್ಲದ ಕಡೆ ದಿನವೂ ಸ್ಟ್ರಿಪ್‌ನಿಂದ ಬಲ ಪರೀಕ್ಷಿಸಿ, ಆಟೋಕ್ಲೇವ್ ಮಾಡಿದ ನೀರಿನಲ್ಲೇ ಮೂರು ಸಲ ಜಾಲಿಸಿ. ಎರಡನೇ ಸೆಟ್ಟಿನ ಬೆಲೆ ಇಂಥ ಮೂರು ರೋಗಿಗಳ ಚಿಕಿತ್ಸೆ, ಮನಸ್ತಾಪಗಳ ಮುಂದೆ ದೊಡ್ಡದಲ್ಲ.

ನೆಲ, ಮಂಚ, ಬ್ಲೀಚಿಂಗ್

ವಾರ್ಡಿನಲ್ಲಿ ಒಣ ಪೊರಕೆ ಆಡಿಸಬಾರದು, ಧೂಳೆದ್ದು ಗಾಯದ ಮೇಲೆ ಕೂರುತ್ತದೆ. ಒದ್ದೆ ಮಾಪ್, ಮೂರು ಬಕೆಟ್: ಡಿಟರ್ಜೆಂಟ್, ಬರೀ ನೀರು, ಕೊನೆಗೆ ಸೋಂಕುನಿವಾರಕ. ಶುಚಿ ಜಾಗದಿಂದ ಕೊಳೆ ಜಾಗಕ್ಕೆ, ಮೇಲಿನಿಂದ ಕೆಳಕ್ಕೆ. ಶೌಚಾಲಯದ ಮಾಪ್ ಬೇರೆ. ಮಾಪನ್ನು ಒಗೆದು ಬಿಸಿಲಿಗೆ ಹಾಕಿ. ನೆಲಕ್ಕಿಂತ ಕೈ ತಾಗುವ ಜಾಗ ಮುಖ್ಯ: ಮಂಚದ ಕಂಬಿ, ಐವಿ ಸ್ಟ್ಯಾಂಡ್, ಬಿಪಿ ಕಫ್, ಸ್ವಿಚ್, ಬಾಗಿಲ ಹಿಡಿ, ದಿನಕ್ಕೆ ಎರಡು ಸಲ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಕಂಬಿಯ ಮೇಲೂ ವಾರಗಟ್ಟಲೆ ಬದುಕುತ್ತದೆ. ಹರಿದ ರೆಕ್ಸಿನ್ ಹಾಸಿಗೆ ಎಷ್ಟು ಒರೆಸಿದರೂ ಶುಚಿಯಾಗದು. ಒಳಗಿನ ಸ್ಪಂಜು ಹೀರಿಕೊಂಡಿರುತ್ತದೆ.

ಶೇ. 5ರ ಹೈಪೊಕ್ಲೋರೈಟ್ ದ್ರಾವಣ 200 ಮಿಲಿ, ನೀರು 800 ಮಿಲಿ ಸೇರಿಸಿದರೆ ಶೇ. 1 ಆಗುತ್ತದೆ. ಕ್ಯಾನ್ ಶೇ. 10ರದ್ದಾದರೆ 100 ಮಿಲಿ, ನೀರು 900. ಬ್ಲೀಚಿಂಗ್ ಪುಡಿಯಾದರೆ ಲೀಟರಿಗೆ ಸುಮಾರು 30 ಗ್ರಾಂ, ಅದೂ ಪುಡಿ ಹೊಸದಿದ್ದು ಶೇ. 33ರಷ್ಟು ಕ್ಲೋರಿನ್ ಉಳಿಸಿಕೊಂಡಿದ್ದರೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ತೇವಕ್ಕೆ ಬಾಯಿ ತೆರೆದಿಟ್ಟ ಚೀಲ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟುಗಟ್ಟಿ ವಾಸನೆ ಹೋದದ್ದನ್ನು ನಂಬಬೇಡಿ. ದಿನವೂ ಹೊಸದಾಗಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಮುಚ್ಚಳ ಹಾಕಿ ನೆರಳಿನಲ್ಲಿಡಿ. ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆತರೆ ವಿಷಾನಿಲ ಏಳುತ್ತದೆ.

ರಕ್ತ ಚೆಲ್ಲಿದರೆ ಗ್ಲೌಸ್ ಹಾಕಿ, ಬಟ್ಟೆ ಅಥವಾ ಕಾಗದ ಮುಚ್ಚಿ, ಅದರ ಮೇಲೆ ಶೇ. 1ರ ದ್ರಾವಣ ಸುರಿದು 10 ನಿಮಿಷ ಕಾದು, ಅಂಚಿನಿಂದ ನಡುವಿಗೆ ಒರೆಸಿ ಹಳದಿ ಚೀಲಕ್ಕೆ ಹಾಕಿ.

ಸೂಜಿ ಮತ್ತು ಕಸ

ಆಸ್ಪತ್ರೆ ಕಸದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಬಣ್ಣಗಳು ಎಲ್ಲರಿಗೂ ಬಾಯಿಪಾಠ: ರಕ್ತ ಹೀರಿದ ಹತ್ತಿ, ಡ್ರೆಸಿಂಗ್ ಹಳದಿ; ಐವಿ ಸೆಟ್, ಕ್ಯಾಥೆಟರ್, ಗ್ಲೌಸ್ ಕೆಂಪು; ಸೂಜಿ, ಬ್ಲೇಡ್ ಬಿಳಿ ಡಬ್ಬಿ; ಗಾಜು ನೀಲಿ. ಎಡವುವುದು ಡಬ್ಬಿ ಇರುವ ಜಾಗದಲ್ಲಿ. ಸೂಜಿ ಡಬ್ಬಿ ಕೈಯಳತೆಯಲ್ಲಿಲ್ಲದಿದ್ದರೆ ಸೂಜಿಗೆ ಮತ್ತೆ ಮುಚ್ಚಳ ಹಾಕುತ್ತಾರೆ, ಚುಚ್ಚಿಕೊಳ್ಳುತ್ತಾರೆ. ಮುಕ್ಕಾಲು ತುಂಬಿದರೆ ಬದಲಿಸಿ.

ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ತಕ್ಷಣ ತಿಳಿಸಿ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ಕೊನೆಯ ಗಡಿ. ಕಸ ಎತ್ತುವ ಗುತ್ತಿಗೆ ನೌಕರರಿಗೂ ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಲೆಕ್ಕದಲ್ಲಿ ಹಾಕಿಸಿ.

ಜೊತೆಗಿರುವವರು

ನಮ್ಮಲ್ಲಿ ರೋಗಿಯನ್ನು ಅತಿ ಹೆಚ್ಚು ಮುಟ್ಟುವವರು ಮನೆಯವರು. ಗಂಜಿ ಕುಡಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಎತ್ತುವುದು ಅವರೇ. ದಾಖಲಾದ ದಿನವೇ ರಬ್ ಬಾಟಲಿ ತೋರಿಸಿ, ಕೈಯಲ್ಲಿ ಹಾಕಿಸಿ ಕಲಿಸಿ. ಪಕ್ಕದ ಮಂಚದ ಅಜ್ಜಿಗೂ ಅದೇ ಕೈಯಲ್ಲಿ ಮಾತ್ರೆ ನುಂಗಿಸುವ ಒಳ್ಳೆಯತನ ಇಲ್ಲಿ ಅಪಾಯಕಾರಿ ಎಂದು ನಯವಾಗಿ ಹೇಳಿ. ಮಂಚದ ಮೇಲೆ ಕೂರಬಾರದು ಎಂದು ಬೋರ್ಡ್ ಬರೆಸುವ ಮೊದಲು ಒಂದು ಸ್ಟೂಲ್ ಕೊಡಿ.

ಎಣಿಕೆ

ಪ್ರತಿ ರಾತ್ರಿ ಒಂದೇ ಹೊತ್ತಿಗೆ ವಾರ್ಡಿನಲ್ಲಿ ಎಷ್ಟು ಜನರಿಗೆ ಕ್ಯಾಥೆಟರ್ ಇದೆ, ಎಷ್ಟು ಸೆಂಟ್ರಲ್ ಲೈನ್, ಎಷ್ಟು ವೆಂಟಿಲೇಟರ್ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ತಿಂಗಳ ಕೊನೆಗೆ ಒಂದೊಂದನ್ನೂ ಬೇರೆಯಾಗಿ ಕೂಡಿಸಿ; ಕ್ಯಾಥೆಟರಿನದು ಕೂಡಿಸಿದರೆ ಅದು ಕ್ಯಾಥೆಟರ್ ದಿನಗಳ ಮೊತ್ತ. ಸೋಂಕಿನ ಸಂಖ್ಯೆಯನ್ನು ಅದರಿಂದ ಭಾಗಿಸಿ 1,000ದಿಂದ ಗುಣಿಸಿ. 320 ಕ್ಯಾಥೆಟರ್ ದಿನಗಳಲ್ಲಿ 4 ಸೋಂಕು ಬಂದಿದ್ದರೆ ದರ 12.5. ಆಪರೇಷನ್ನಿನ ಗಾಯವನ್ನು 30 ದಿನ, ರಾಡು, ಮೆಶ್, ಕೃತಕ ಕೀಲು ಹಾಕಿದ್ದರೆ 90 ದಿನ ಹಿಂಬಾಲಿಸಬೇಕು. ಹೊಲಿಗೆ ಬಿಚ್ಚಿಸಿಕೊಂಡ ರೋಗಿ ಮತ್ತೆ ಬರುವುದಿಲ್ಲವಾದ್ದರಿಂದ 30ನೇ ದಿನ ಒಂದು ಫೋನ್ ಮಾಡಿ ಗಾಯದಲ್ಲಿ ನೀರು, ಕೀವು ಬಂದಿತ್ತೇ, ಬೇರೆ ಡಾಕ್ಟರ ಬಳಿ ಹೋಗಿದ್ದಿರೇ ಎಂದು ಕೇಳಿ. ಮೊದಲ ತಿಂಗಳು ಸೊನ್ನೆ ಬಂದರೆ ಸಂತೋಷಪಡುವ ಮುಂಚೆ ಎಷ್ಟು ಕಲ್ಚರ್ ಕಳಿಸಿದ್ದಿರಿ, ಎಷ್ಟು ಫೋನ್ ಮಾಡಿದ್ದಿರಿ ಎಂದು ಪುಸ್ತಕ ತಿರುವಿ ನೋಡಿ.